ಕೊಬ್ಬರಿ ಸೆಸ್ಸು, ಕಾಫಿ ಸೆಸ್ಸು: ಹಣ ಯಾರದು, ಮಾತು ಯಾರದು?

(ಅರಸೀಕೆರೆಯಲ್ಲಿ ಗಿರಣಿ ಕಾರ್ಮಿಕರು ಮತ್ತು ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಇಂದಿನ ವಿಷಯ ಸೆಸ್ಸು. ಹೆಸರು ಕೇಳುತ್ತಲೇ ಹಿಂದಿನ ಸಾಲಿನಲ್ಲಿ ಇಬ್ಬರು ಬೀಡಿ ಸೇದಲು ಎದ್ದದ್ದು ನಮಗೆ ಕಾಣಿಸಿತು. ಹೋಗಿಬನ್ನಿ, ಬೇಡವೆನ್ನುವುದಿಲ್ಲ; ಆದರೆ ಬೇಗ ಬನ್ನಿ. ಏಕೆಂದರೆ ಇದು ನಿಮ್ಮ ಜೇಬಿನ ಮಾತು. ಕೊಟ್ಟಿದ್ದೀರೆಂದು ನಿಮಗೇ ಗೊತ್ತಿಲ್ಲದ ಹಣದ ಮಾತು.

ಕೊಬ್ಬರಿ ಬೆಲೆ ಬಿದ್ದಾಗಲೆಲ್ಲ ಮಂಡಿಯ ಜಗಲಿಯ ಮೇಲೆ ಒಂದು ಪ್ರಶ್ನೆ ಏಳುತ್ತದೆ. ನಮ್ಮನ್ನೂ ಹಲವರು ಕೇಳಿದ್ದಾರೆ. "ಮೊಟ್ಟೆಯವರು ಒಟ್ಟುಗೂಡಿ ದಿನಾ ಮೊಟ್ಟೆ ತಿನ್ನಿ ಎಂದು ದೇಶಕ್ಕೆಲ್ಲ ಸಾರಿದರು, ಗೆದ್ದರು. ನಮ್ಮ ಉಂಡೆ ಕೊಬ್ಬರಿಗೆ ಹಾಗೆ ಸಾರುವವರು ಯಾರೂ ಇಲ್ಲವಲ್ಲ? ಕ್ವಿಂಟಾಲಿಗೆ ಇಷ್ಟೆಂದು ನಾವೇ ಎತ್ತಿ ಒಂದು ನಿಧಿ ಮಾಡಬಾರದೇಕೆ?" ಪ್ರಶ್ನೆ ಒಳ್ಳೆಯದು. ಮೊಟ್ಟೆಯ ಕಥೆಯೂ ನಿಜವೇ. 1982ರಲ್ಲಿ ಮೊಟ್ಟೆಯ ಬೆಲೆ ನೆಲ ಕಚ್ಚಿ ಕೋಳಿ ಸಾಕುವವರು ಕಂಗಾಲಾಗಿದ್ದಾಗ ಬಿ. ವಿ. ರಾವ್ ಎಂಬವರ ಮುಂದಾಳುತನದಲ್ಲಿ ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿ ಹುಟ್ಟಿತು. ಭಾನುವಾರವಾಗಲಿ ಸೋಮವಾರವಾಗಲಿ ಮೊಟ್ಟೆ ತಿನ್ನಿ ಎಂಬರ್ಥದ ಅವರ ಹಿಂದಿ ಜಾಹೀರಾತು ಹಿಂದಿ ಬಾರದ ನಮ್ಮ ಮಕ್ಕಳ ಬಾಯಲ್ಲೂ ಬಂತು. ಅದು ಯಾವ ಒಬ್ಬ ಸಾಹುಕಾರನ ಮೊಟ್ಟೆಯ ಪ್ರಚಾರವೂ ಅಲ್ಲ. ಮೊಟ್ಟೆ ಎಂಬ ಪದಾರ್ಥದ ಪ್ರಚಾರ. ಬೆಳೆದವರೆಲ್ಲ ಅಷ್ಟಷ್ಟು ಕೊಟ್ಟು ಬೆಳೆಯ ಹೆಸರನ್ನು ಎತ್ತಿಹಿಡಿಯುವುದು, ಇದೇ ಈ ಏರ್ಪಾಡಿನ ತಿರುಳು.

ಇದಕ್ಕೆ ಉತ್ತರ ಹೇಳುವ ಮುಂಚೆ ಒಂದಿಷ್ಟು ಚರಿತ್ರೆ ನೋಡಬೇಕಾಗಿದೆ. ದೂರ ಹೋಗಬೇಕಾಗಿಲ್ಲ. ಇಲ್ಲಿ ಬೇಲೂರು ಕಡೆಯಿಂದ, ಹಳೇಬೀಡಿನಿಂದ ಬಂದವರಿದ್ದೀರಿ. ಬೇಲೂರು ತಾಲ್ಲೂಕಿನ ಪಡುವಣ ಸೀಮೆ, ಅರೇಹಳ್ಳಿ ಬಿಕ್ಕೋಡು ಕಡೆ, ಕಾಫಿಯ ನಾಡು. ಹಳೇಬೀಡಿಗೆ ಬರುವಷ್ಟರಲ್ಲಿ ಕಾಫಿ ನಿಂತು ಆಲೂಗಡ್ಡೆ, ಮುಸುಕಿನ ಜೋಳದ ಹೊಲ. ಜಾವಗಲ್ ಬಾಣಾವರ ದಾಟಿ ಅರಸೀಕೆರೆ ಎನ್ನುವಷ್ಟರಲ್ಲಿ ತೆಂಗು. ಒಂದೇ ಬಸ್ಸಿನ ಹಾದಿ. ಆದರೆ ಆ ಹಾದಿಯ ಒಂದು ತುದಿಯ ಬೆಳೆಗೆ 1935ರಿಂದಲೇ ಪ್ರಚಾರದ ನಿಧಿ ಉಂಟು, ಮಂಡಳಿ ಉಂಟು, ಕಾಯಿದೆ ಉಂಟು. ನಡುವಿನ ಆಲೂಗಡ್ಡೆಗೆ ಇವು ಮೂರೂ ಇಲ್ಲ. ಈ ತುದಿಯ ಕೊಬ್ಬರಿಗೆ ಇದ್ದೂ ಇಲ್ಲದ ಹಾಗೆ.

ಕಾಫಿಯ ಕಥೆಯನ್ನು ಮೊದಲು ಹೇಳುತ್ತೇವೆ. 1930ರ ಸುಮಾರಿಗೆ ಲೋಕಕ್ಕೆಲ್ಲ ಮುಗ್ಗಟ್ಟು ಬಡಿಯಿತು. ಕಾಫಿಯನ್ನು ಕೇಳುವವರಿಲ್ಲ. ತೋಟಗಾರರು ಸರ್ಕಾರಕ್ಕೆ ಮೊರೆ ಹೋದರು. ಚಹದ ತೋಟದ ದೊರೆಗಳು ತಮಗೆ ತಾವೇ ಸೆಸ್ಸು ಹಾಕಿಸಿಕೊಂಡು 1903ರಲ್ಲೇ ಕಾಯಿದೆ ಮಾಡಿಸಿದ್ದರಷ್ಟೆ. ಆ ಹಣದಿಂದ ಚಹ ಕುಡಿಯುವುದನ್ನು ಜನಕ್ಕೆ ರೂಢಿ ಮಾಡಿಸಿದರು. ನಮ್ಮ ಅಜ್ಜಂದಿರಿಗೆ ಜಾತ್ರೆಯಲ್ಲಿ ಬಿಟ್ಟಿ ಚಹ ಕುಡಿಸಿದವರು ಧರ್ಮಾತ್ಮರಲ್ಲ, ಈ ಪ್ರಚಾರದವರು. ಅದೇ ದಾರಿಯಲ್ಲಿ 1935ರಲ್ಲಿ ಕಾಫಿ ಸೆಸ್ಸಿನ ಕಾಯಿದೆ ಬಂತು. ಹೊರದೇಶಕ್ಕೆ ಹೋಗುವ ಕಾಫಿಯ ಮೇಲೆ ಸೆಸ್ಸು. ಆ ಹಣದಿಂದ ಕಾಫಿ ಕುಡಿಸುವ ಕೆಲಸ. ಸೆಸ್ಸು ಸಮಿತಿಯವರು 1936ರಲ್ಲಿ ಮುಂಬಯಿಯ ಚರ್ಚ್‌ಗೇಟ್ ಬೀದಿಯಲ್ಲಿ ಮೊದಲ ಇಂಡಿಯಾ ಕಾಫಿ ಹೌಸ್ ತೆರೆದರು. ಮುಂದಿನ ಹತ್ತು ವರ್ಷಗಳಲ್ಲಿ ದೇಶದಲ್ಲಿ ಅಂಥವು ಐವತ್ತರ ಸುಮಾರಿಗೆ ಬೆಳೆದವು.

ಅಷ್ಟರಲ್ಲಿ ಯುದ್ಧ ಬಂತು. ಯೂರೋಪಿನ ಬಾಗಿಲು ಮುಚ್ಚಿತು. 1940ರಲ್ಲಿ ಸುಗ್ರೀವಾಜ್ಞೆ, 1942ರಲ್ಲಿ ಕಾಯಿದೆ. ಕಾಫಿ ಬೋರ್ಡು ಬೆಂಗಳೂರಿನಲ್ಲಿ ನೆಲೆಯೂರಿತು. ಬೆಳೆದ ಕಾಫಿಯನ್ನೆಲ್ಲ ಬೋರ್ಡಿನ ಒಟ್ಟು ರಾಶಿಗೆ, ಅಂದರೆ ಪೂಲಿಗೆ, ಒಪ್ಪಿಸತಕ್ಕದ್ದು. ಬೋರ್ಡು ಹರಾಜು ಹಾಕತಕ್ಕದ್ದು. ಬಂದ ಹಣವನ್ನು ಪಾಯಿಂಟಿನ ಲೆಕ್ಕದಲ್ಲಿ ಕಂತುಕಂತಾಗಿ ಬೆಳೆಗಾರನಿಗೆ ಹಂಚತಕ್ಕದ್ದು. ಅದಕ್ಕೆ ತೊಂದರೆ ಇರಲಿಲ್ಲವೆಂದಲ್ಲ. ಕೊನೆಯ ಕಂತು ಬರುವಷ್ಟರಲ್ಲಿ ಮುಂದಿನ ಕಾಫಿ ಹೂ ಬಿಟ್ಟಿರುತ್ತಿತ್ತು ಎಂದು ಮಲೆನಾಡಿನವರು ನಗೆಯಾಡುತ್ತಿದ್ದರು. ಆದರೂ ಎರಡೆಕರೆಯವನ ಕಾಫಿಯೂ ಇನ್ನೂರೆಕರೆಯವನ ಕಾಫಿಯೂ ಒಂದೇ ರಾಶಿಯಲ್ಲಿ ಬಿದ್ದು ಗುಣಕ್ಕೆ ತಕ್ಕ ಒಂದೇ ಬೆಲೆ ಪಡೆಯುತ್ತಿದ್ದವು. ಇದನ್ನು ಮರೆಯಬಾರದು.

ಈಗ ಕಾಫಿ ಹೌಸಿನ ಕಡೆ ತಿರುಗೋಣ. ಇದು ಕಾರ್ಮಿಕರ ಮಾತು, ಆದುದರಿಂದ ಸ್ವಲ್ಪ ನಿಧಾನವಾಗಿಯೇ ಹೇಳುತ್ತೇವೆ.

ಪ್ರಚಾರಕ್ಕೆಂದು ತೆರೆದ ಆ ಮನೆಗಳಲ್ಲಿ ಕಾಫಿ ಕಾಸಿದವರು, ಲೋಟ ತೊಳೆದವರು, ತಲೆಗೆ ಪಟಗ ಕಟ್ಟಿ ಬಡಿಸಿದವರು ನೂರಾರು ಜನ. ಜಾಹೀರಾತು ಎಂದರೆ ಕಾಗದದ ಮೇಲಿನ ಬಣ್ಣ ಎಂದು ನಾವೆಲ್ಲ ತಿಳಿದಿದ್ದೇವೆ. ಕಾಫಿಯ ಜಾಹೀರಾತು ಈ ಜನರ ಕೈಯೇ ಆಗಿತ್ತು. ಕುಡಿಯುವವರಿಗೆ ರುಚಿ ಹತ್ತಿತು, ವಿದ್ಯಾರ್ಥಿಗಳು, ಬರಹಗಾರರು, ರಾಜಕಾರಣಿಗಳು ಅಲ್ಲೇ ದಿನ ಕಳೆಯತೊಡಗಿದರು. ರೂಢಿ ಬಿದ್ದ ಮೇಲೆ, 1950ರ ದಶಕದ ನಡುವಿನಲ್ಲಿ, ಬೋರ್ಡು ಈ ಮನೆಗಳನ್ನು ಮುಚ್ಚುವ ತೀರ್ಮಾನಕ್ಕೆ ಬಂತು. ನಿಧಿಯ ಕೆಲಸ ಮುಗಿಯಿತು, ಕೆಲಸಗಾರ ಬೀದಿಗೆ! ಕಾರ್ಮಿಕರು ಸುಮ್ಮನಾಗಲಿಲ್ಲ. ಎ. ಕೆ. ಗೋಪಾಲನ್ ಅವರ ಮಾರ್ಗದರ್ಶನದಲ್ಲಿ ತಾವೇ ಸಹಕಾರ ಸಂಘ ಕಟ್ಟಿ ಕಾಫಿ ಹೌಸುಗಳನ್ನು ವಹಿಸಿಕೊಂಡರು. ಅಂಥ ಮೊದಲ ಸಂಘ 1957ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲೇ ಹುಟ್ಟಿತು. ಅದೇ ಅಕ್ಟೋಬರಿನಲ್ಲಿ ದಿಲ್ಲಿ, 1958ರ ಮಾರ್ಚಿಯಲ್ಲಿ ತ್ರಿಚ್ಚೂರು. ಅವು ಇಂದಿಗೂ ನಡೆಯುತ್ತಿವೆ. ಬೆಂಗಳೂರಿನ ಮಹಾತ್ಮಾ ಗಾಂಧಿ ರಸ್ತೆಯಲ್ಲಿದ್ದುದು 2009ರಲ್ಲಿ ಜಾಗ ಬಿಡಬೇಕಾಗಿ ಬಂದು ಚರ್ಚ್ ಸ್ಟ್ರೀಟಿಗೆ ಹೋಯಿತು, ಅಷ್ಟೆ, ನಿಲ್ಲಲಿಲ್ಲ. ಬೆಳೆಗಾರನ ಸೆಸ್ಸಿನಿಂದ ತೆರೆದ ಮನೆಯನ್ನು ಸೆಸ್ಸಿನ ಯಜಮಾನರು ಕೈಬಿಟ್ಟಾಗ ಉಳಿಸಿದವರು ಲೋಟ ತೊಳೆಯುವವರು ಎಂಬುದನ್ನು ನಮ್ಮ ಗಿರಣಿಯ ಸಂಗಾತಿಗಳು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಪೂಲಿನ ಕಥೆ ಏನಾಯಿತು? 1989ರಲ್ಲಿ ಲೋಕದ ಕಾಫಿ ಒಪ್ಪಂದದ ಕೋಟಾ ಮುರಿಯಿತು. 1991ರಲ್ಲಿ ನಮ್ಮ ಕಾಫಿಯ ದೊಡ್ಡ ಗಿರಾಕಿಯಾದ ಸೋವಿಯೆತ್ ದೇಶವೇ ಇಲ್ಲವಾಯಿತು. 1992ರಿಂದ ಪೂಲನ್ನು ಸಡಿಲಿಸುತ್ತ ಬಂದು 1996ರಲ್ಲಿ ಪೂರಾ ತೆಗೆದರು. ಬೆಳೆಗಾರ ಸ್ವತಂತ್ರನಾದ. ಹತ್ತಿರ ಹತ್ತಿರ ಅದೇ ಉಸಿರಿನಲ್ಲಿ, 1999ರಾಚೆಗೆ, ಲೋಕದ ಬೆಲೆ ಕುಸಿದು ಐದಾರು ವರ್ಷ ಮೇಲೇಳಲಿಲ್ಲ. ಆಗ ಸ್ವಾತಂತ್ರ್ಯ ಎಂಬುದು ದಾಸ್ತಾನು ಇಟ್ಟುಕೊಳ್ಳಬಲ್ಲವನಿಗೆ ಒಂದು, ಬ್ಯಾಂಕಿನ ನೋಟೀಸು ಬಂದವನಿಗೆ ಇನ್ನೊಂದು ಎಂದು ಕಾಫಿ ಸೀಮೆಯ ಸಣ್ಣ ಹಿಡುವಳಿದಾರರಿಗೆ ತಿಳಿಯಿತು.

ಇನ್ನು ನಮ್ಮ ತೆಂಗು. ಇದಕ್ಕೂ ಕಾಯಿದೆ ಇತ್ತು. 1944ರಲ್ಲಿ ಇಂಡಿಯನ್ ತೆಂಗು ಸಮಿತಿಯ ಕಾಯಿದೆ. ಗಿರಣಿಯಲ್ಲಿ ಎಣ್ಣೆಗೆ ಅರೆಯುವ ಕೊಬ್ಬರಿಯ ಮೇಲೆ ಸೆಸ್ಸು. ಆ ಹಣದಿಂದ ಬಂದದ್ದೇನೂ ಇಲ್ಲವೆನ್ನಲಾಗದು. ನಮ್ಮ ಕನ್ನಡಿಗರೂ ಇರುವ ಕಾಸರಗೋಡಿನಲ್ಲಿ 1916ರಲ್ಲಿ ಮದ್ರಾಸ್ ಸರ್ಕಾರ ತೆರೆದಿದ್ದ ತೆಂಗು ಸಂಶೋಧನಾ ಕೇಂದ್ರವನ್ನು ಈ ಸಮಿತಿಯೇ 1948ರಲ್ಲಿ ವಹಿಸಿಕೊಂಡಿತು. ಇಂದಿನ ದೊಡ್ಡ ಸಂಸ್ಥೆಯ ಬೇರು ಅದು. ಬಳಿಕ 1979ರಲ್ಲಿ ಕೊಬ್ಬರಿ ಸೆಸ್ಸಿನ ಇನ್ನೊಂದು ಕಾಯಿದೆ, ಅದರ ಜೊತೆಗೆ ತೆಂಗು ಅಭಿವೃದ್ಧಿ ಮಂಡಳಿಯ ಕಾಯಿದೆ. ಮಂಡಳಿ 1981ರಲ್ಲಿ ಕೊಚ್ಚಿಯಲ್ಲಿ ಕುಳಿತಿತು.

ಇಲ್ಲೊಂದು ಸೂಕ್ಷ್ಮ ಇದೆ, ಗಮನಿಸಿ. ಸೆಸ್ಸು ಬಿದ್ದದ್ದು ಗಿರಣಿಯಲ್ಲಿ ಅರೆಯುವ ಕೊಬ್ಬರಿಯ ಮೇಲೆ. ಅರಸೀಕೆರೆ ತಿಪಟೂರಿನ ಉಂಡೆ ಕೊಬ್ಬರಿ ಅರೆಯುವ ಕೊಬ್ಬರಿಯಲ್ಲ, ತಿನ್ನುವ ಕೊಬ್ಬರಿ. ಅದು ರೈಲಿನಲ್ಲೋ ಲಾರಿಯಲ್ಲೋ ಉತ್ತರಕ್ಕೆ ಹೋಗಿ ದ್ರಾಕ್ಷಿ ಗೋಡಂಬಿಯ ಪಕ್ಕದಲ್ಲಿ ಕೂರುತ್ತದೆ, ಹಬ್ಬದ ತಟ್ಟೆಯಲ್ಲಿ, ಮದುವೆಯ ಮಡಿಲಿನಲ್ಲಿ. ಹೀಗಾಗಿ ಸೆಸ್ಸು ಹುಟ್ಟಿದ್ದು ಹೆಚ್ಚಾಗಿ ಮಲೆಯಾಳದ ಎಣ್ಣೆ ಗಿರಣಿಗಳಲ್ಲಿ. ಪ್ರಚಾರವಾದದ್ದು ಎಳನೀರಿಗೆ, ಎಣ್ಣೆಗೆ. ಒಂಬತ್ತು ಹತ್ತು ತಿಂಗಳು ಅಟ್ಟದ ಮೇಲೆ ಮಲಗಿ, ಒಳಗಿನ ನೀರು ಇಂಗಿ, ಕರಟದೊಳಗೆ ಗಿಲಗಿಲ ಎನ್ನುವ ನಮ್ಮ ಉಂಡೆಗೆ ಹೇಳುವವರಿಲ್ಲ, ಕೇಳುವವರಿಲ್ಲ.

2017ರಲ್ಲಿ ಜಿ.ಎಸ್.ಟಿ. ಬಂತು. ಅದರ ಸಲುವಾಗಿ ಚಹ, ರಬ್ಬರು, ಸಕ್ಕರೆ ಮೊದಲಾದವುಗಳ ಸೆಸ್ಸುಗಳನ್ನು ತೆಗೆದುಹಾಕಿದರು. ಬೆಳೆಗಾರನ ಹೊರೆ ಇಳಿಯಿತೆಂದು ಕೆಲವರು ಸಂತೋಷಪಟ್ಟರು. ನಮಗೆ ಅಷ್ಟು ಸಂತೋಷವಾಗಲಿಲ್ಲ. ಸೆಸ್ಸು ಇದ್ದಾಗ "ಇದು ನನ್ನ ದುಡ್ಡು, ಲೆಕ್ಕ ಕೊಡಿ" ಎಂದು ಕೇಳಲು ಒಂದು ಬಾಯಾದರೂ ಇತ್ತು. ಸರ್ಕಾರದ ಬೊಕ್ಕಸದಿಂದ ಬರುವ ಅನುದಾನದಲ್ಲಿ ಮಂಡಳಿ ನಡೆದರೆ ಆ ಬಾಯಿಯೂ ಹೋಗುತ್ತದೆ.

ಇರಲಿ, ಲೆಕ್ಕಕ್ಕೆ ಬರೋಣ. ಮೇಷ್ಟರಿಕೆ ಬಿಟ್ಟರೂ ಲೆಕ್ಕ ಹೇಳಿಕೊಡುವ ಚಟ ನಮ್ಮನ್ನು ಬಿಟ್ಟಿಲ್ಲ, ಸಹಿಸಿಕೊಳ್ಳಿ. ಕ್ವಿಂಟಾಲಿಗೆ ಹತ್ತು ರೂಪಾಯಿ ಸೆಸ್ಸು ಎಂದು ಸುಮ್ಮನೆ ಇಟ್ಟುಕೊಳ್ಳಿ. ಅದನ್ನು ಕೊಳ್ಳುವ ರವಾನೆದಾರನೇ ಕಟ್ಟಬೇಕೆಂದು ಕಾಯಿದೆ ಬರೆಯಿರಿ. ಅವನೇನು ಮನೆಯಿಂದ ತಂದು ಕಟ್ಟುತ್ತಾನೆಯೇ? ಟೆಂಡರು ಬರೆಯುವಾಗಲೇ ಹತ್ತು ರೂಪಾಯಿ ತಗ್ಗಿಸಿ ಬರೆಯುತ್ತಾನೆ. ಒಳ್ಳೆಯ ಬೆಲೆ ಬರುವವರೆಗೆ ಅಟ್ಟದಲ್ಲೇ ಇಟ್ಟುಕೊಳ್ಳಬಲ್ಲ ದೊಡ್ಡ ತೋಟದವನು "ಈ ಬೆಲೆಗೆ ಕೊಡುವುದಿಲ್ಲ" ಎಂದು ಮೂಟೆ ವಾಪಸು ಒಯ್ಯಬಹುದು. ಮಗಳ ಮದುವೆಗೋ ಸೊಸೈಟಿ ಸಾಲಕ್ಕೋ ತಂದವನು ಒಯ್ಯಲಾರ. ಆ ಹತ್ತು ರೂಪಾಯಿ ಅವನ ಮೈಮೇಲೆ ಬಿತ್ತು. ಕಾಯಿದೆಯಲ್ಲಿ ಯಾರ ಹೆಸರಿದ್ದರೂ ಸೆಸ್ಸು ಕಟ್ಟುವವನು ಕಾಯಲಾರದವನೇ.

ಕಟ್ಟುವವನು ಅವನಾದರೆ ಉಣ್ಣುವವರು ಯಾರು? ಪ್ರಚಾರ ಫಲಿಸಿ ಉಂಡೆ ಕೊಬ್ಬರಿಗೆ ಬೇಡಿಕೆ ಏರಿತೆಂದೇ ಇಟ್ಟುಕೊಳ್ಳೋಣ. ಹತ್ತಿಪ್ಪತ್ತು ಮರದವನು ಕೊಬ್ಬರಿ ಮಾಡುವುದೇ ಇಲ್ಲ. ಕಾಯಿ ಇಳಿಸಿದ ವಾರದಲ್ಲೇ ಹಸಿಯಾಗಿ ಮಾರುತ್ತಾನೆ, ಏಕೆಂದರೆ ಹತ್ತು ತಿಂಗಳು ಕಾಯಲು ಅವನಿಗೆ ಅಟ್ಟವೂ ಇಲ್ಲ, ಹೊಟ್ಟೆಯೂ ಕೇಳುವುದಿಲ್ಲ. ಕೊಂಡವನ ಅಟ್ಟದಲ್ಲಿ ಅದೇ ಕಾಯಿ ಉಂಡೆಯಾಗುತ್ತದೆ. ಏರಿದ ಬೆಲೆ ಅಟ್ಟದವನಿಗೆ. ಕಾಯಿ ಸುಲಿಯುವವನಿಗೆ ಸಾವಿರಕ್ಕೆ ಇಷ್ಟೆಂದು ಕೂಲಿ. ಕೊಬ್ಬರಿ ಎಂಟು ಸಾವಿರವಾದರೂ ಇಪ್ಪತ್ತು ಸಾವಿರವಾದರೂ ಅವನ ಮಚ್ಚಿಗೂ ಮೊಣಕೈಗೂ ಅದು ತಿಳಿಯುವುದಿಲ್ಲ. ಗಿರಣಿಯಲ್ಲಿ ಕರಟ ಒಡೆದು ಕಪ್ಪು ಸಿಪ್ಪೆ ಹೆರೆಯುವ ಹೆಂಗಸರಿಗೂ ಹಾಗೆಯೇ.

ಕಾಫಿಯಲ್ಲೂ ಇಂಥದೇ ಸೋರಿಕೆ. ಬೆಳೆಗಾರರ ನಿಧಿ ಕಾಫಿಯ ರುಚಿ ಹತ್ತಿಸಿತು. ಆದರೆ ಅಂಗಡಿಗೆ ಬರುವ ಕಾಫಿ ಚಿಕೋರಿ ಮಿಶ್ರಣದ ಪೊಟ್ಟಣದಲ್ಲಿ ನೂರಕ್ಕೆ 49ರವರೆಗೂ ಚಿಕೋರಿ ಇರಲು ನಮ್ಮ ಆಹಾರ ನಿಯಮ ಒಪ್ಪುತ್ತದೆ. ಚಿಕೋರಿ ಬೇರು ಬೆಳೆಯುವುದು ಗುಜರಾತು, ಉತ್ತರ ಪ್ರದೇಶಗಳಲ್ಲಿ. ಹೊಗಳಿಕೆ ಕಾಫಿಗೆ, ಮಾರಾಟ ಅರ್ಧ ಬೇರಿಗೆ. ಚಿಕೋರಿ ಕುಡಿಯಬಾರದೆಂದು ನಾವು ಹೇಳುತ್ತಿಲ್ಲ, ನಮ್ಮ ಮನೆಯಲ್ಲೂ ಅದೇ. ಗಟ್ಟಿಯಾಗಿ ಬರುತ್ತದೆ, ಖರ್ಚು ಕಡಿಮೆ. ಪ್ರಚಾರದ ನೀರು ಯಾವ ಗದ್ದೆಗೆ ಹರಿಯಿತು ಎಂದು ತೋರಿಸಲು ಹೇಳಿದೆವು, ಅಷ್ಟೆ.

ಹೊರದೇಶದ ಎರಡು ಮಾತು. ದಕ್ಷಿಣ ಅಮೆರಿಕದಲ್ಲಿ ಕೊಲಂಬಿಯಾ ಎಂಬ ಕಾಫಿ ದೇಶವಿದೆ. ಅಲ್ಲಿನ ಬೆಳೆಗಾರರು 1927ರಲ್ಲೇ ಒಕ್ಕೂಟ ಕಟ್ಟಿದರು. ರಫ್ತಾಗುವ ಕಾಫಿಯಿಂದ ಕಡಿತ ಮಾಡಿ 1940ರಲ್ಲಿ ರಾಷ್ಟ್ರೀಯ ಕಾಫಿ ನಿಧಿ ಮಾಡಿದರು. 1959ರಲ್ಲಿ ಹ್ವಾನ್ ವಾಲ್ಡೆಸ್ ಎಂಬ ಒಬ್ಬ ಕಲ್ಪಿತ ರೈತನನ್ನು ಹುಟ್ಟಿಸಿ, ಹೆಗಲಿಗೆ ಕಂಬಳಿ, ಪಕ್ಕದಲ್ಲಿ ಹೇಸರಗತ್ತೆ ನಿಲ್ಲಿಸಿ, ಅಮೆರಿಕದವರಿಗೆ ತೋರಿಸಿದರು. ಆ ರೈತ ಲೋಕಪ್ರಸಿದ್ಧನಾದ. ಆ ಚಿತ್ರಕ್ಕಿಂತಲೂ ಮುಖ್ಯವಾದದ್ದು ಬೇರೆ ಇದೆ: ಅಲ್ಲಿನ ಬೆಳೆಗಾರರು ತಮ್ಮ ಊರಿನ, ಜಿಲ್ಲೆಯ ಸಮಿತಿಗಳನ್ನು ಮತ ಹಾಕಿ ಆರಿಸುತ್ತಾರೆ, ಬೇರೆ ಯಾರೂ ಕೊಳ್ಳದಿದ್ದರೆ ಆ ದಿನದ ಬೆಲೆಗೆ ಒಕ್ಕೂಟದ ಸೊಸೈಟಿ ಕೊಳ್ಳುವ ಭರವಸೆ ಇದೆ. ಹಣ್ಣು ಕೊಯ್ಯುವ ಕೂಲಿಯವನಿಗೆ ಮಾತ್ರ ಅಲ್ಲಿಯೂ ಮತವಿಲ್ಲ.

ಅಮೆರಿಕದಲ್ಲಿ ಈ ಏರ್ಪಾಡು ದನ, ಹಂದಿ, ಹಾಲು, ಸೋಯಾ ಎಲ್ಲಕ್ಕೂ ಉಂಟು. ದನ ಮಾರಿದಾಗ ತಲೆಗೆ ಒಂದು ಡಾಲರು. ಸೋಯಾಗೆ ಬೆಲೆಯ ನೂರಕ್ಕೆ ಅರ್ಧ. ಕೊಡದೆ ವಿಧಿಯಿಲ್ಲ. "ದೊಡ್ಡ ಕಂಪನಿಗಳಿಗೆ ಅನುಕೂಲವಾದ ಪ್ರಚಾರಕ್ಕೆ ನಮ್ಮ ಡಾಲರು ಏಕೆ?" ಎಂದು ಕೆಲವು ದನಗಾಹಿಗಳು ಕೋರ್ಟಿಗೆ ಹೋದರು. 2005ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಏನೆಂದಿತು ಗೊತ್ತೆ? ಈ ಜಾಹೀರಾತು ಸರ್ಕಾರದ ಮಾತು, ಸರ್ಕಾರದ ಮಾತಿಗೆ ನೀವು ಆಕ್ಷೇಪಿಸುವಂತಿಲ್ಲ ಎಂದಿತು. ದುಡ್ಡು ರೈತನದು, ಮಾತು ಸರ್ಕಾರದ್ದು! ಅದಕ್ಕೂ ಹಿಂದೆ, 2000ದಲ್ಲಿ, ಹಂದಿ ಸಾಕುವವರ ಮತ ಕೇಳಿದ್ದರು. ಸುಮಾರು 30,000 ಜನ ಮತ ಹಾಕಿದರು. ನೂರಕ್ಕೆ 53 ಮಂದಿ ಈ ಕಡಿತ ಬೇಡವೆಂದರು. ಮುಂದಿನ ವರ್ಷ ಹೊಸ ಸರ್ಕಾರ ಬಂದು ರಾಜಿ ಎಂಬ ಹೆಸರಿನಲ್ಲಿ ಅದನ್ನು ಮುಂದುವರಿಸಿತು. ಮತ ಕೇಳಿದರೆ ಸಾಲದು, ಮತಕ್ಕೆ ಕಟ್ಟುಬೀಳಬೇಕು.

ಅಮೆರಿಕದ ಈ ಮಾತು ಅರಸೀಕೆರೆಗೆ ಏಕೆ ಎನ್ನುವವರಿಗೆ ಇನ್ನೊಂದು ಹೇಳುತ್ತೇವೆ. 1980ರ ದಶಕದಲ್ಲಿ ಅಲ್ಲಿನ ಸೋಯಾ ಬೆಳೆಗಾರರ ಸಂಘ ತೆಂಗಿನೆಣ್ಣೆ, ತಾಳೆ ಎಣ್ಣೆಗಳ ವಿರುದ್ಧ ದೊಡ್ಡ ಪ್ರಚಾರ ಹೂಡಿತು. ಉಷ್ಣದೇಶದ ಎಣ್ಣೆ ಹೃದಯಕ್ಕೆ ಕೇಡು ಎಂದು. ತೆಂಗಿನೆಣ್ಣೆಯಲ್ಲಿ ಸ್ಯಾಚುರೇಟೆಡ್ ಕೊಬ್ಬು ಹೆಚ್ಚೆಂಬುದು ಸುಳ್ಳಲ್ಲ. ಮಿತವಾಗಿ ತಿನ್ನಿ ಎಂದು ವೈದ್ಯರು ಹೇಳಿದರೆ ಕೇಳಬೇಕು. ಆದರೆ ವೈದ್ಯರ ಮಾತಿನ ಉಡುಪು ತೊಟ್ಟು ಮಾತನಾಡಿದ್ದು ವ್ಯಾಪಾರ. ಅಲ್ಲಿನ ಬಿಸ್ಕತ್ತು, ಕರಿದ ತಿಂಡಿಗಳಲ್ಲಿ ಆ ಎಣ್ಣೆಗಳ ಜಾಗಕ್ಕೆ ಬಂದದ್ದು ವನಸ್ಪತಿಯಂತೆ ಗಟ್ಟಿಮಾಡಿದ ಸೋಯಾ ಎಣ್ಣೆ. ಅದರೊಳಗಿನ ಟ್ರಾನ್ಸ್ ಕೊಬ್ಬು ಇನ್ನೂ ಕೇಡೆಂದು ಕಂಡು 2015ರಲ್ಲಿ ಅಮೆರಿಕ ಸರ್ಕಾರವೇ ಅದನ್ನು ಆಹಾರದಿಂದ ತೆಗೆಯಲು ಆಜ್ಞೆ ಮಾಡಿತು. ಒಂದು ಕಡೆಯ ರೈತರ ಹಣ ಇನ್ನೊಂದು ಕಡೆಯ ರೈತರ ಬೆಳೆಗೆ ಹೀಗೆ ಮಸಿ ಬಳಿಯಬಲ್ಲದು. ಬಡ ಬೆಳೆಗಾರನ ಬೆಳೆಗೆ ಬಾಯಿ ಬೇಡವೆ, ಬೇಕು. ಈ ಕಾರಣಕ್ಕೇ ನಾವು ಪ್ರಚಾರ ನಿಧಿ ಎಂಬುದನ್ನೇ ತಳ್ಳಿಹಾಕುವವರಲ್ಲ.

ಆದರೆ ಅದರಿಂದ ಏನಾಗುವುದಿಲ್ಲ ಎಂಬುದನ್ನೂ ಮೊದಲೇ ತಿಳಿದಿರಬೇಕು. 2023ರಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ರೂಪಾಯಿ. ಮಾರುಕಟ್ಟೆಯಲ್ಲಿ ಒಂಬತ್ತು ಸಾವಿರಕ್ಕಿಂತ ಕೆಳಗೆ ಇಳಿಯಿತು. ನಾಫೆಡ್ ಬಾಗಿಲಲ್ಲಿ ಸಾಲು ನಿಂತವರು ಈ ಸಭೆಯಲ್ಲೇ ಇದ್ದೀರಿ. 2025ರಲ್ಲಿ ಅದೇ ಕೊಬ್ಬರಿ ಇಪ್ಪತ್ತು ಸಾವಿರ ದಾಟಿತು. ಬಿದ್ದಾಗ ಯಾರೂ ಕೊಬ್ಬರಿಯನ್ನು ಹಳಿದಿರಲಿಲ್ಲ, ಎದ್ದಾಗ ಯಾರೂ ಹೊಗಳಿರಲಿಲ್ಲ. ಬರ, ಬಿಸಿಲು, ರೋಗ ಹುಳುಗಳಿಂದ ಇಳುವರಿ ಕುಸಿಯಿತು, ಬೆಲೆ ಎದ್ದಿತು; ಮರದಲ್ಲಿ ಕಾಯಿಯೇ ಇಲ್ಲದವನಿಗೆ ಆ ಇಪ್ಪತ್ತು ಸಾವಿರ ಪತ್ರಿಕೆಯಲ್ಲಿ ಓದುವ ಸುದ್ದಿಯಾಯಿತು. ಇಂಥ ಏರಿಳಿತವನ್ನು ಯಾವ ಜಾಹೀರಾತೂ ತಡೆಯಲಾರದು. ಅದಕ್ಕೆ ಬೇಕಾದದ್ದು ಹೊತ್ತಿಗೆ ಸರಿಯಾದ ಸರ್ಕಾರಿ ಖರೀದಿ, ಮತ್ತು ಕಾಯುವ ಶಕ್ತಿ.

ನಮ್ಮ ಈ ಸೀಮೆಗೆ ಇದು ಹೊಸ ವಿದ್ಯೆಯೂ ಅಲ್ಲ. ಬೇಲೂರು ಹಳೇಬೀಡಿನ ದೇವಾಲಯಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವೆಂದು ಎಲ್ಲರೂ ಹೆಮ್ಮೆಪಟ್ಟೆವು. ಪ್ರವಾಸಿಗಳು ಶಿಲಾಬಾಲಿಕೆಯರನ್ನು ನೋಡಿ ಹೋಗುತ್ತಾರೆ; ಪಕ್ಕದ ಬರಹದ ಕಲ್ಲನ್ನು ನೋಡುವವರು ಕಡಿಮೆ. ಹೊಯ್ಸಳರ ಕಾಲದ ದಾನಶಾಸನಗಳಲ್ಲಿ ಗಾಣಕ್ಕೆ ಇಷ್ಟು ಎಣ್ಣೆ ದೀಪಕ್ಕೆ, ಸರಕಿನ ಹೇರಿಗೆ ಇಷ್ಟು ಸುಂಕ ದೇವರ ಸೇವೆಗೆ ಎಂದು ಕೊರೆದಿರುವುದುಂಟು. ಅಂದಿನ ಗಾಣಿಗನ ಒಪ್ಪಿಗೆ ಕೇಳಿದರೋ ಇಲ್ಲವೋ, ಅದು ಅರಸೊತ್ತಿಗೆಯ ಕಾಲ, ನಾವು ಅದನ್ನು ಹೊಗಳುವುದಿಲ್ಲ. ಆದರೆ ಒಂದು ಮರ್ಯಾದೆ ಇತ್ತು. ಯಾರು ಕೊಡಬೇಕು, ಎಷ್ಟು, ಯಾವುದಕ್ಕೆ ಎಂಬುದನ್ನು ಊರ ನಡುವೆ ಕಲ್ಲಿನ ಮೇಲೆ ಬರೆದು ನಿಲ್ಲಿಸುತ್ತಿದ್ದರು. ಇಂದು ನಿಮ್ಮ ಕೊಬ್ಬರಿ ಮಾರಿದ ಚೀಟಿಯಲ್ಲಿ ಎಷ್ಟು ಕಡಿತ, ಯಾವ ಬಾಬ್ತು, ಅದು ಎಲ್ಲಿಗೆ ಹೋಯಿತು ಎಂದು ಓದಲು ಬರುತ್ತದೆಯೇ? ಹಮಾಲಿ, ತೂಕ, ದಲ್ಲಾಳಿ, ಚೀಲ ಎಂದು ಎಲ್ಲ ಒಂದೇ ಗೆರೆಯಲ್ಲಿ ಸೇರಿಸಿ ಒಂದು ಮೊತ್ತ ಬರೆದಿರುವ ಚೀಟಿಗಳನ್ನು ನಾವೇ ನೋಡಿದ್ದೇವೆ.

ಆದುದರಿಂದ ಕೇಳಿದವರಿಗೆ ನಮ್ಮ ಉತ್ತರ ಇದು. ಉಂಡೆ ಕೊಬ್ಬರಿಗೆ ಬೆಳೆಗಾರರ ನಿಧಿ ಆಗಲಿ. ಆದರೆ ಯಾರೋ ಮೇಲೆ ಕೂತು ನೇಮಿಸಿದ ಮಂಡಳಿಯ ಕೈಗಲ್ಲ. ಕಾಫಿ ಬೋರ್ಡಿನ ಕಾಯಿದೆ ಬೆಳೆಗಾರ, ಕಾರ್ಮಿಕ, ವರ್ತಕ, ಬಳಸುವವ ಎಲ್ಲರಿಗೂ ಜಾಗ ಇಟ್ಟಿದೆ, ಆ ಮಟ್ಟಿಗೆ ಒಳ್ಳೆಯದು. ಆದರೆ ಅವರನ್ನು ಕೂರಿಸುವುದು ಕೇಂದ್ರ ಸರ್ಕಾರ, ಆರಿಸುವುದು ನೀವಲ್ಲ. ನಮ್ಮದರಲ್ಲಿ ಆರಿಸುವುದು ಇರಬೇಕು. ಅದೂ ಮೂಟೆಗೆ ಒಂದು ಮತವಲ್ಲ, ಆಳಿಗೆ ಒಂದು ಮತ. ಹತ್ತು ಮರದವನಿಗೂ ಒಂದು, ಸಾವಿರ ಮರದವನಿಗೂ ಒಂದು. ಸುಲಿಯುವವರು, ಗಿರಣಿಯ ಹೆಂಗಸರು, ಹಮಾಲರು, ಚಿಲ್ಲರೆ ವ್ಯಾಪಾರಿಗಳು ಇವರಿಗೂ ಆರಿಸಿದ ಜಾಗಗಳು ಬೇಕು. ಏಕೆಂದರೆ ಬೆಲೆ ಬಿದ್ದಾಗ ಗಿರಣಿ ಮುಚ್ಚಿ ಮೊದಲು ಮನೆಗೆ ಹೋಗುವವರು ಇವರೇ. ಐದು ವರ್ಷಕ್ಕೊಮ್ಮೆ ಮತ ಕೇಳಬೇಕು. ಬೇಡವೆಂದರೆ ಅಂದೇ ನಿಲ್ಲಬೇಕು, ಹಂದಿಯವರಿಗೆ ಮಾಡಿದ ಹಾಗೆ ಮಾಡಬಾರದು.

ಹಣವನ್ನೆಲ್ಲ ಬಣ್ಣದ ಕಾಗದಕ್ಕೂ ಟೀವಿಗೂ ಸುರಿಯುವುದನ್ನು ನಾವು ಒಪ್ಪುವುದಿಲ್ಲ. ದಿಲ್ಲಿ ಕಾನ್ಪುರದ ಒಣಹಣ್ಣಿನ ಬೀದಿಗಳಲ್ಲಿ ಅರಸೀಕೆರೆ ತಿಪಟೂರಿನ ಹೆಸರು ಹೇಳಲಿ, ಬೇಡವೆನ್ನುವುದಿಲ್ಲ. ಆದರೆ ಹೆಚ್ಚಿನ ಪಾಲು ಕಾಯಲಾರದವನಿಗೆ ಕಾಯುವ ಶಕ್ತಿ ಕೊಡಲು ಹೋಗಬೇಕು. ಹೋಬಳಿಗೊಂದು ಸೊಸೈಟಿಯ ಅಟ್ಟ ಕಟ್ಟಿ, ಅಲ್ಲಿ ಕಾಯಿ ಇಟ್ಟವನಿಗೆ ಅರ್ಧದಷ್ಟಾದರೂ ಮುಂಗಡ ಕೈಗೆ ಕೊಟ್ಟರೆ, ಅವನ ಕಾಯಿ ಅವನ ಹೆಸರಿನಲ್ಲೇ ಉಂಡೆಯಾಗುತ್ತದೆ. ಆಗ ಪ್ರಚಾರದಿಂದ ಏರಿದ ಬೆಲೆ ಅವನಿಗೂ ದಕ್ಕುತ್ತದೆ. ಹೀಗಾಗದಿದ್ದರೆ ಆ ನಿಧಿ ಹತ್ತು ಮರದವನ ದುಡ್ಡಿನಲ್ಲಿ ಅಟ್ಟದವನ ಸರಕಿಗೆ ಹಾಡಿಸುವ ಹಾಡು. ಅದಕ್ಕೆ ನಮ್ಮ ಬೆಂಬಲವಿಲ್ಲ.

ಹಳೇಬೀಡು ಕಡೆಯ ಆಲೂಗಡ್ಡೆಯವರು "ನಮಗೇನು?" ಎಂದು ಆಗಿನಿಂದ ನೋಡುತ್ತಿದ್ದೀರಿ. ತೆಂಗಿಗೆ ಇದು ನಡೆದರೆ ನಿಮ್ಮದನ್ನೂ ಕೂತು ಮಾತಾಡೋಣ. ನಿಮ್ಮದು ಬೇಗ ಕೊಳೆಯುವ ಬೆಳೆ, ಅಟ್ಟದ ಮಾತು ಅಲ್ಲಿ ನಡೆಯದು. ಶೀತಲಗೃಹದ ಬಾಡಿಗೆಯಿಂದಲೇ ಲೆಕ್ಕ ಶುರುಮಾಡಬೇಕಾದೀತು.

ಈಗ ಒಂದು ಕೆಲಸ. ಮುಂದಿನ ಸಭೆಗೆ ಬರುವಾಗ ಈ ವರ್ಷ ಕಾಯಿ, ಕೊಬ್ಬರಿ, ಕಾಫಿ ಏನೇ ಮಾರಿದ್ದರೂ ಅದರ ಚೀಟಿ ತನ್ನಿ. ಅಂಗಡಿಯವರು ಕೊಂಡ ಬಿಲ್ಲು ತನ್ನಿ. ಗಿರಣಿಯವರು ಕೂಲಿಯ ಪುಸ್ತಕ ತನ್ನಿ. ಒಂದು ಕಾಯಿ ಮರದಿಂದ ಇಳಿದು ಪೊಟ್ಟಣವಾಗುವವರೆಗೆ ಯಾರ ಕೈಯಲ್ಲಿ ಎಷ್ಟು ನಿಂತಿತು ಎಂದು ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆದು ಕೂಡೋಣ. ಸೀಮೆಸುಣ್ಣ ನಾವು ತರುತ್ತೇವೆ.